ಒಂದೇ ದಿನ ಎಂದಿದ್ದೆ

ಸಾವಕ್ಕತ್ತೆಯ ಹಿಮ್ಮಡಿಯ ಬಿರುಕಿನಲ್ಲಿ ಕಬ್ಬಿನ ಹೊಲದ ಕರಿಮಣ್ಣು ಇನ್ನೂ ಹಸಿಯಾಗಿದೆ, ಬಾಗಿಲಲ್ಲಿ ಕಾಲು ತೊಳೆದುಕೊಂಡೇ ಬಂದಳಲ್ಲ, ತೊಳೆದದ್ದು ಪಾದದ ಮೇಲಷ್ಟೇ ಇರಬೇಕು, ಒಂದು ಇರುವೆ ಬಿರುಕಿನ ತನಕ ಬಂದು ಒಳಗೆ ಇಣುಕಿ ತಿರುಗಿ ಹೋಗುತ್ತಿದೆ — ಕಣ್ಣು ಮುಚ್ಚಬೇಕು, ಎಲ್ಲರೂ ಮುಚ್ಚಿದ್ದಾರೆ, ಪ್ರಾರ್ಥನೆ ನಡೆದಾಗ ಯಾರ ಕಣ್ಣು ತೆರೆದಿದೆ ಎಂಬುದು ಕಣ್ಣು ತೆರೆದವರಿಗೆ ಮಾತ್ರ ಗೊತ್ತಾಗುವ ಗುಟ್ಟು, ಹಾಗಾಗಿ ಸಣ್ಣವಳಿದ್ದಾಗಿನಿಂದ ನನಗೆ ಎಲ್ಲರ ಕಣ್ಣು ಮುಚ್ಚಿದ ಮುಖಗಳು ಗೊತ್ತು, ದಶರಥ ಪಾಸ್ಟರರು ಹುಬ್ಬು ಗಂಟು ಹಾಕಿಕೊಳ್ಳುತ್ತಾರೆ, ಸಭೆಯ ಹಿರಿಯರು ಕಾಕಾಸಾಹೇಬರು ಕಿವಿಯ ತುದಿ ಹಿಡಿದು ಎಳೆದುಕೊಳ್ಳುತ್ತಾರೆ, ಅಪ್ಪನ ಮುಖ ನಿದ್ದೆ ಹೋದವರ ಹಾಗೆ ಸಡಿಲಾಗುತ್ತದೆ, ಅವ್ವ — ಅವ್ವನ ಕಡೆ ನೋಡಬಾರದು. ಅವ್ವ ಹೊರಸಿನ ಮೇಲೆ ಮಲಗಿದ್ದಾಳೆ, ನನ್ನಿಂದ ಎರಡು ಮೊಳ ದೂರ, ಪಕ್ಕದಲ್ಲಿ ಆಶೀರ್ವಾದಕ್ಕೆಂದು ತಂದಿಟ್ಟ ಹಿಡಿಕಾಳಿನ ಗಡಿಗೆ, ಅವಳ ಕಣ್ಣೂ ತೆರೆದಿದೆ, ನನ್ನ ಮೇಲೇ ಇದೆ ಎಂದು ನೋಡದೆಯೇ ನನಗೆ ಗೊತ್ತು, ಕುತ್ತಿಗೆಯ ಎಡಗಡೆ ಬೆಚ್ಚಗಾಗುತ್ತಿದೆ. ನಲವತ್ತೊಂದು ದಿನ. ಅವ್ವನ ಬಾಯಿ ನಿಂತು ಇವತ್ತಿಗೆ ನಲವತ್ತೊಂದು ದಿನ, ಬಲಗೈ ಬಲಗಾಲು ಕಟ್ಟಿಗೆಯಾಗಿ ನಲವತ್ತೊಂದು ದಿನ, ಆ ಬಾಯಿ ತಿರುಗಿ ಬರಲೆಂದೇ ಈ ಮಂಗಳವಾರದ ಪ್ರಾರ್ಥನೆಯನ್ನು ನಮ್ಮ ಮನೆಯಲ್ಲಿ ಇಟ್ಟಿದ್ದಾರೆ. ಪಾಸ್ಟರರು ಶುರು ಮಾಡಿ ಮುಗಿಸಿದರು, ಈಗ ಕಾಕಾಸಾಹೇಬರು ಮರಾಠಿಯಲ್ಲಿ, ಹೇ ದಯಾಳೂ ಪಿತ್ಯಾ ಎಂದು ಹಿಡಿದವರು ದಿಲ್ಲಿಯ ಸರಕಾರಕ್ಕೆ ಬುದ್ಧಿ ಕೇಳಿದರು, ಕೃಷ್ಣಾ ನದಿಗೆ ನೀರು ಕೇಳಿದರು, ಕಬ್ಬಿಗೆ ದರ ಕೇಳಿದರು, ಇನ್ನೂ ಅವ್ವನ ತನಕ ಬಂದಿಲ್ಲ, ನಿಧಾನವಾಗಿ ಬನ್ನಿ ಕಾಕಾ, ಇಡೀ ಬೆಳಗಾವಿ ಜಿಲ್ಲೆ ಸುತ್ತಿ ಬನ್ನಿ. ಅವರಾದ ಮೇಲೆ ಸಾವಕ್ಕತ್ತೆ, ಅತ್ತೆಯಾದ ಮೇಲೆ ಅಪ್ಪ, ಅಪ್ಪನಾದ ಮೇಲೆ ನಾನು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಪಾಸ್ಟರರು ಅಂದರಲ್ಲ, ರೋದಾ, ಇವತ್ತ ತಾಯಿ ಸಲುವಾಗಿ ಮಗಳು ಬಾಯಿ ಬಿಟ್ಟ ಬೇಡಬೇಕವಾ, ನಾವು ಹತ್ತ ಮಂದಿ ಬೇಡೂದು ಒಂದ, ಹೊಟ್ಟೀಲೆ ಹುಟ್ಟಿದಾಕಿ ಬೇಡೂದು ಒಂದ. ನಾನು ಹೂಂ ಅಂದೆ. ಯಾಕೆ ಅಂದೆ. ಕುತ್ತಿಗೆ ತಾನಾಗಿ ಆಡಿತು.

ಬೇಡುವುದು ಬರದಿದ್ದರೆ ಚೆನ್ನಾಗಿತ್ತು, ನನಗೆ ಬೇಡುವುದು ಬರುತ್ತದೆ, ಅದೇ ಭಯ. ಬಾಯಿ ಬಿಟ್ಟು ಬೇಡುವುದು ಬರುವುದಿಲ್ಲ ಅಷ್ಟೇ, ಅದು ಅವ್ವನ ಕೆಲಸ, ಅವ್ವ ಪ್ರಾರ್ಥನೆಗೆ ನಿಂತರೆ ನಮ್ಮ ಏಸಪ್ಪನ ಗುಡಿಯ ಹಂಚು ಅಲುಗುತ್ತಿತ್ತು, ದಾರಿಯಲ್ಲಿ ಕಬ್ಬಿನ ಗಾಡಿ ಹೊಡೆಯುವವರು ಎತ್ತು ನಿಲ್ಲಿಸಿ ಕೇಳುತ್ತಿದ್ದರು, ಸಾವಕ್ಕತ್ತೆ, ಅವ್ವನ ನಾದಿನಿ, ಹೊರಗೆ ಬಂದ ಕೂಡಲೇ ಚುಚ್ಚುವಳು, ದೇವರೇನ ಕಿವುಡ ಅದಾನೇನ ವೈನಿ, ಆ ಪರಿ ಒದರ್ತೀಯಲ್ಲ, ಅವ್ವ ಸೆರಗು ಸರಿಮಾಡಿಕೊಳ್ಳುತ್ತ, ಅಂವ ಕಿವುಡ ಅಲ್ಲ ಸಾವಕ್ಕಾ, ಸಣ್ಣ ದನೀಲೆ ಕೇಳಿದ್ರ ಈಕೀಗೇ ನಂಬಿಗಿ ಇಲ್ಲ ಅಂತ ತಿಳಕೋತಾನ. ನಮ್ಮವರಷ್ಟೇ ಅಲ್ಲ, ಅವ್ವ ಕೂಲಿಗೆ ಹೋಗುವ ದ್ರಾಕ್ಷಿ ತೋಟದ ಒಡತಿ ಕಸ್ತೂರೆವ್ವ ಕೂಡ, ದೊಡ್ಡ ಮನೆಯವರು, ಸೋಮವಾರ ತಪ್ಪದೆ ತಮ್ಮ ಗುಡಿಗೆ ಹೋಗುವವರು, ಹಿತ್ತಲ ಬಾಗಿಲಿಗೆ ಬಂದು ಪಿಸಪಿಸ, ಕೆಂಪಿ, ನಿಮ್ಮ ಏಸಪ್ಪಗ ಒಂದ ಮಾತ ಹಾಕ ಬೇ, ನಮ್ಮ ಎಮ್ಮಿ ಗಬ್ಬ ನಿಂದರವಲ್ದು. ಏಸಪ್ಪ ದನದ ಡಾಕ್ಟರ ಅಲ್ರಿ ಅವ್ವಾರ, ಆದ್ರೂ ಕೇಳ್ತೇನಿ ತಗೋರಿ. ಕೇಳಿದಳು, ಎಮ್ಮೆ ಗಬ್ಬ ನಿಂತಿತು, ಹುಟ್ಟಿದ ಕರುವಿಗೆ ಕಸ್ತೂರೆವ್ವ ಕೆಂಪಿ ಎಂದೇ ಹೆಸರಿಟ್ಟಳು, ಅವ್ವ ಮೂರು ದಿನ ನಕ್ಕಳು, ರೊಟ್ಟಿ ಬಡಿಯುತ್ತ ನಡುನಡುವೆ ಕೈ ನಿಲ್ಲಿಸಿ ನಗುವಳು. ಅಂಥವಳ ಹೊಟ್ಟೆಯಲ್ಲಿ ನಾನು. ಐದನೆಯ ತರಗತಿಯಲ್ಲಿ ಮಾಸ್ತರರು ಎದ್ದು ನಿಂತು ಪಾಠ ಓದು ಅಂದರು, ಅಕ್ಷರ ಕಾಣುತ್ತಿದ್ದವು, ಒಳಗೆ ಓದುತ್ತಲೂ ಇದ್ದೆ, ದನಿ ಮಾತ್ರ ಗಂಟಲಲ್ಲಿ ಕುಳಿತುಬಿಟ್ಟಿತು, ಹಿಂದಿನ ಸಾಲಿನಿಂದ ಯಾರೋ ಮೂಕಿ ಅಂದರು, ಇಡೀ ಕೋಣೆ ಮೂಕಿ ಅಂದಿತು, ಮಧ್ಯಾಹ್ನದ ಗಂಟೆಗೆ ಮನೆಗೆ ಬಂದವಳು ಮತ್ತೆ ಹೋಗಲೇ ಇಲ್ಲ, ಇಂದಿರಾ ಗಾಂಧಿ ತೀರಿಕೊಂಡ ವರ್ಷ ಅದು, ಈಗ ಏಳು ವರ್ಷವಾಯಿತು. ಅವ್ವ ಎರಡು ದಿನ ಬೈದು ಮೂರನೆಯ ದಿನ ಅಂದಳು, ಸಾಲಿ ಬಿಟ್ಟಿದ್ದ ಬಿಟ್ಟಿ, ದೇವರ ಮುಂದ ಬಾಯಿ ಬಿಡೂದ ಬಿಡಬ್ಯಾಡ. ಆಮೇಲೆ ನನ್ನ ಮುಖ ನೋಡಿ ಏನು ಅನ್ನಿಸಿತೋ, ಕೈ ಹಿಡಿದು ಅಡಿಗೆ ಮನೆಗೆ ಕರೆದುಕೊಂಡು ಹೋಗಿ ಹಿಡಿಕಾಳಿನ ಗಡಿಗೆ ತೋರಿಸಿದಳು, ಬಾಯಿ ಬರಂಗಿಲ್ಲ ನಿನಗ, ಕೈ ಬರ್ತೈತಲ್ಲ.

ಕೈ ಬಂತು. ಕೈಯೇ ಬಂತು. ನಮ್ಮ ಸಭೆಯ ಹೆಂಗಸರೆಲ್ಲ ಮಾಡುತ್ತಾರೆ, ಹೊತ್ತುಹೊತ್ತಿಗೆ ಅಡಿಗೆಗೆ ತೆಗೆಯುವ ಮುಂಚೆ ಜೋಳದ ಚೀಲದಿಂದ ಒಂದು ಹಿಡಿ ಬೇರೆ ಗಡಿಗೆಗೆ, ಬೆಳಿಗ್ಗೆ ಒಂದು, ಸಂಜೆ ಒಂದು, ಭಾನುವಾರ ಗುಡಿಯ ಬುಟ್ಟಿಗೆ ಸುರಿದು ಬರುವುದು, ಬೇರೆಯವರು ಹಾಕಿ ಕೈ ಜಾಡಿಸಿ ಒಲೆಯ ಕಡೆ ತಿರುಗುತ್ತಾರೆ, ಅವ್ವನದು ಬೇರೆ ರೀತಿ, ಅವ್ವ ಮುಷ್ಟಿಯನ್ನು ಗಡಿಗೆಯ ಬಾಯಿಯ ಮೇಲೆ ಹಿಡಿದು ನಿಲ್ಲುವಳು, ಒಬ್ಬರ ಹೆಸರು ಹೇಳಿ ಅವರಿಗೇನು ಬೇಕೋ ಅದನ್ನು ಕೇಳಿ ಮುಗಿಯುವ ತನಕ ಬಿಚ್ಚುವಂತಿಲ್ಲ, ಹಾಲು ಉಕ್ಕಲಿ, ರೊಟ್ಟಿ ಸೀಯಲಿ. ಮುಷ್ಟಿ ಬಿಚ್ಚೂಕಿಂತ ಮೊದಲ ಅಂದದ್ದು ಪ್ರಾರ್ಥನಾ, ರೋದಿ, ಬಿಚ್ಚಿದ ಮ್ಯಾಲ ಅಂದದ್ದು ಬರೇ ಮಾತು, ಅನ್ನುವಳು. ಎಷ್ಟು ಸುಖವಿತ್ತು ಅದರಲ್ಲಿ, ಯಾರೂ ಕೇಳುವವರಿಲ್ಲ, ಎದ್ದು ನಿಲ್ಲು ಅನ್ನುವವರಿಲ್ಲ, ಅಂಗೈಯಲ್ಲಿ ಕಾಳು ತಣ್ಣಗೆ, ಆಮೇಲೆ ಬೆಚ್ಚಗೆ, ನಾನು ಏನೇನೋ ಕೇಳುತ್ತಿದ್ದೆ, ಅಪ್ಪನ ಬೆನ್ನು ನೋವಿಗೆ, ಮಾಸ್ತರರ ಮಗುವಿನ ಜ್ವರಕ್ಕೆ, ಒಮ್ಮೆ ನನಗೇ ಒಂದು ಹಸಿರು ಬಳೆಗೆ, ಏಳು ವರ್ಷ. ಆಮೇಲೆ ಆ ಸುಗ್ಗಿ ಕಾಣಿಕೆಯ ಭಾನುವಾರ. ಗುಡಿ ತುಂಬ ಜನ, ಕಬ್ಬಿನ ಜಲ್ಲೆ ಕಟ್ಟಿದ್ದರು, ದ್ರಾಕ್ಷಿ ಗೊಂಚಲು, ಬುಟ್ಟಿ ಬುಟ್ಟಿ ಜೋಳ, ಅವ್ವ ಎಲ್ಲರ ಮುಂದೆ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು, ಈ ವರ್ಷದ ಸುಗ್ಗಿ ಪ್ರಾರ್ಥನಾ ನನ್ನ ಮಗಳು ಮಾಡ್ತಾಳ. ಎದ್ದೆ. ನಿಂತೆ. ಗಂಟಲು ಅದೇ ಗಂಟಲು. ಎಷ್ಟು ಹೊತ್ತು ನಿಂತಿದ್ದೆನೋ, ಯಾವುದೋ ಮಗು ನಕ್ಕಿತು, ಅದರ ತಾಯಿ ಅದರ ಬಾಯಿ ಮುಚ್ಚಿ ತಾನೂ ನಕ್ಕಳು, ಕೊನೆಗೆ ಪಾಸ್ಟರರು ಆಮೆನ್ ಅಂದರು, ಏನೂ ಅನ್ನದ ಪ್ರಾರ್ಥನೆಗೆ ಆಮೆನ್. ದಾರಿಯುದ್ದಕ್ಕೂ ಅವ್ವ, ಮನೆಗೆ ಬಂದ ಮೇಲೂ ಅವ್ವ, ನೆರೆಯವರು ಬಾಗಿಲಿಗೆ ಬರುವ ತನಕ ಅವ್ವ, ಬಾಯಿ ಕೊಟ್ಟಾವಗ ಬಾಯಿ ಬಿಟ್ಟ ಕೇಳಾಕ ನಾಚಿಕಿ ಅಂದ್ರ ಯಾವ ಸೊಕ್ಕದು, ಸತ್ತ ಮ್ಯಾಲ ಅವನ ಮುಂದೂ ಹಿಂಗಽ ನಿಂದರ್ತಿಯೇನ ಕಂಬ ನಿಂತಂಗ, ನಿನ್ನ ಹೊತ್ತ ಒಂಬತ್ತ ತಿಂಗಳ ನಾ ಸುಮ್ಮನ ಇದ್ದಿಲ್ಲಲ್ಲೇ, ನಿನಗ್ಯಾಕ ಈ ಮೌನ ಬಂತು. ಸಂಜೆ ಜೋಳಕ್ಕೆ ಕೈ ಹಾಕಿದೆ. ಹಿಡಿ ತುಂಬಿದೆ. ಗಡಿಗೆಯ ಮೇಲೆ ಹಿಡಿದೆ. ಹೊರಗೆ ಇನ್ನೂ ಅವಳ ದನಿ. ದೇವರೇ, ಇವಳ ಬಾಯಿ ಕಟ್ಟು, ಅಂದೆ, ಒಂದೇ ದಿನ, ಅಂದೆ, ಅದೇ ಹೊತ್ತಿಗೆ ಅವ್ವ ಪಡಸಾಲೆಯಿಂದ ಏ ರೋದಿ, ಒಲಿ ಆರೈತಿ ನೋಡ ಎಂದು ಕೂಗಿದಳು, ನಾನು ಬೆಚ್ಚಿಬಿದ್ದೆ, ಮುಷ್ಟಿ ಬಿಚ್ಚಿತು.

ಯಾವಾಗ ಬಿಚ್ಚಿತು. ಒಂದೇ ದಿನ ಎಂದ ಮೇಲೋ, ಅನ್ನುವ ಮುಂಚೆಯೋ. ನಲವತ್ತೊಂದು ದಿನದಿಂದ ಆ ಒಂದು ಚಣವನ್ನು ತಿರುವಿ ಹಾಕಿ ನೋಡುತ್ತಿದ್ದೇನೆ, ಕಾಳು ಬಿದ್ದ ಸಪ್ಪಳ ಕೇಳಿಸುತ್ತದೆ, ನನ್ನ ನಾಲಿಗೆ ಒಂದು ಎನ್ನುವಲ್ಲಿ ಮೇಲಕ್ಕೆ ತಾಗಿದ್ದು ನೆನಪಾಗುತ್ತದೆ, ಸಪ್ಪಳ ಮೊದಲೋ ನಾಲಿಗೆ ಮೊದಲೋ ಕೂಡಿ ಬರುವುದಿಲ್ಲ, ಒಂದು ದಿನ ಸಪ್ಪಳ ಮೊದಲಾಗುತ್ತದೆ, ಇನ್ನೊಂದು ದಿನ ನಾಲಿಗೆ. ಆ ಭಾನುವಾರ ಕಳೆದು ಮೂರನೆಯ ದಿನ ಬೆಳಿಗ್ಗೆ ಕಸ್ತೂರೆವ್ವನ ತೋಟದಲ್ಲಿ ಬಳ್ಳಿ ಕಟ್ಟುತ್ತಿದ್ದ ಅವ್ವ ಕೈಯಲ್ಲಿನ ಸುತಳಿ ಬಿಡದೆ ಕೆಳಗೆ ಬಿದ್ದಳು, ಗಾಡಿಯಲ್ಲಿ ಹಾಕಿ ಉಗಾರ ಖುರ್ದಿನ ಸ್ಟೇಶನ್ನಿಗೆ, ಅಲ್ಲಿಂದ ಮಿರಜಿನ ರೈಲು, ರೈಲಿನಲ್ಲಿ ನಾನು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ, ಅವಳ ಬಾಯಿಯ ಒಂದು ಬದಿ ಜಗ್ಗಿತ್ತು, ಜೊಲ್ಲು ನನ್ನ ಸೀರೆ ತೋಯಿಸುತ್ತಿತ್ತು, ಏನೋ ಹೇಳಲು ನೋಡುತ್ತಿದ್ದಳು, ದ ದ ದ ಎಂದು ಒಂದೇ ಸಪ್ಪಳ, ನಾನು ಲೆಕ್ಕ ಹಾಕುತ್ತಿದ್ದೆ, ಇವತ್ತು ಬುಧವಾರ, ನಾಳೆ ಗುರುವಾರ, ನಾಳೆ ಹೊತ್ತು ಮುಳುಗುವುದರೊಳಗೆ ಬರಬೇಕು, ಒಂದೇ ದಿನ ಎಂದಿದ್ದೇನೆ. ಗುರುವಾರ ಹೊತ್ತು ಮುಳುಗಿತು. ದವಾಖಾನೆಯ ಕಿಟಕಿಯಲ್ಲಿ ನಿಂತು ಅದು ಮುಳುಗುವುದನ್ನು ಪೂರ್ತಿ ನೋಡಿದೆ. ಡಾಕ್ಟರರು ಅಪ್ಪನಿಗೆ ಹೇಳಿದ್ದು ನನಗೂ ಕೇಳಿಸಿತು, ಬಿ.ಪಿ. ಬಹಳ ದಿನದಿಂದ ಇದ್ದಿರಬೇಕು, ಯಾರೂ ನೋಡಿಲ್ಲ, ತಲೆಯ ನರದಲ್ಲಿ ರಕ್ತ ಹೆಪ್ಪುಗಟ್ಟಿದೆ, ಮಾತು ಬಂದರೂ ಬರಬಹುದು, ಬರದೆಯೂ ಇರಬಹುದು. ಬಹಳ ದಿನದಿಂದ ಎಂದರೆ ಸುಗ್ಗಿಗಿಂತ ಮುಂಚಿನಿಂದ, ಅಂದರೆ ನಾನಲ್ಲ, ನನ್ನ ಮುಷ್ಟಿಯಲ್ಲ, ಆ ರಾತ್ರಿ ಮಾತ್ರ ನಿದ್ದೆ ಬಂತು. ಬೆಳಿಗ್ಗೆ ಎದ್ದಾಗ ಇನ್ನೊಂದು ಯೋಚನೆ ತಲೆದಿಂಬಿನ ಪಕ್ಕದಲ್ಲೇ ಕಾಯುತ್ತಿತ್ತು, ದೇವರು ಮುಷ್ಟಿಗೆ ಕಿವಿಗೊಡುವುದಿಲ್ಲ ಎಂದರೆ ನನ್ನ ತಪ್ಪಿಲ್ಲ ಸರಿ, ಆಗ ಅವ್ವ ಇಪ್ಪತ್ತು ವರ್ಷ ಹಿಡಿದ ಮುಷ್ಟಿಗಳೆಲ್ಲ ಬರೀ ಜೋಳ, ಸೀದುಹೋದ ರೊಟ್ಟಿಗಳೆಲ್ಲ ಬರೀ ಸೀದ ರೊಟ್ಟಿ, ಅವ್ವ ಯಾರೂ ಇಲ್ಲದ ಕೋಣೆಯಲ್ಲಿ ಇಪ್ಪತ್ತು ವರ್ಷ ಮಾತಾಡಿದಳು. ಕಿವಿಗೊಡುತ್ತಾನೆ ಎಂದರೆ — ಎರಡರಲ್ಲಿ ಯಾವುದನ್ನು ನಂಬಲಿ, ಒಂದನ್ನು ನಂಬಿದರೆ ಅವ್ವನ ದೇವರು ಹೋಗುತ್ತಾನೆ, ಇನ್ನೊಂದನ್ನು ನಂಬಿದರೆ ಅವ್ವನ ಬಾಯಿ ತೆಗೆದವಳು ನಾನಾಗುತ್ತೇನೆ.

ಅಂದಿನಿಂದ ಬೇಡಿಲ್ಲ. ಒಂದು ಮಾತೂ ಇಲ್ಲ. ಮತ್ತೆ ಬೇಡಲು ಹೋಗಿ, ಮತ್ತೆ ಯಾರೋ ಕೂಗಿ, ಮತ್ತೆ ಅರ್ಧ ಒಳಗೆ ಅರ್ಧ ಹೊರಗೆ ಬಿದ್ದರೆ. ಗಡಿಗೆಗೆ ಕಾಳು ಮಾತ್ರ ಹಾಕುತ್ತೇನೆ, ಹಿಡಿಯುವುದೂ ಇಲ್ಲ, ಕೈ ಸುಟ್ಟವರ ಹಾಗೆ ಎಸೆದು ತಿರುಗುತ್ತೇನೆ, ಬೇಡದ ತಪ್ಪಿಗೆ ಒಂದರ ಬದಲು ಎರಡು ಹಿಡಿ ಎಸೆಯುತ್ತೇನೆ. ಭಾನುವಾರ ಬುಟ್ಟಿಗೆ ಸುರಿದಾಗ ಹೆಂಗಸರು ಗಲ್ಲದ ಮೇಲೆ ಬೆರಳಿಟ್ಟರು, ನೋಡ್ರೆವಾ, ಕೆಂಪವ್ವ ಮಲಗಿದ್ರೂ ಗಡಿಗಿ ಇಮ್ಮಡಿ ತುಂಬೇತಿ, ತಾಯಿ ಪ್ರಾರ್ಥನಾ ಮಗಳಿಗೆ ಇಳದೈತಿ. ನಾನು ನೆಲ ನೋಡಿದೆ. ನಾಚಿಕೆ ಅಂದುಕೊಂಡರು. ಯಾರಿಗೂ ಗೊತ್ತಿಲ್ಲ, ಅವ್ವನಿಗೆ ಗೊತ್ತು. ಅವಳ ಹೊರಸಿನಿಂದ ಅಡಿಗೆ ಮನೆಯ ಬಾಗಿಲು ನೇರ ಕಾಣುತ್ತದೆ, ಆಚೆಗೆ ಸರಿಸಬೇಕೆಂದು ಎಷ್ಟು ಸಲ ಅಂದುಕೊಂಡೆ, ಅಪ್ಪನಿಗೆ ಏನು ಕಾರಣ ಹೇಳಲಿ, ಬೆಳಿಗ್ಗೆ ನಾನು ಜೋಳಕ್ಕೆ ಕೈ ಹಾಕಿದ ಕೂಡಲೇ ಅವಳ ಕಣ್ಣು ನನ್ನ ಕೈಗೆ ಬಂದು ಕೂಡುತ್ತದೆ, ಎಸೆದ ಕೂಡಲೇ ನನ್ನ ಮುಖಕ್ಕೆ ಏರುತ್ತದೆ, ದ ದ ಅನ್ನುತ್ತಾಳೆ, ಎಡಗೈ ಎತ್ತಿ ಗಾಳಿಯಲ್ಲಿ ಮುಷ್ಟಿ ಮಾಡಿ ತೋರಿಸುತ್ತಾಳೆ, ಮುಷ್ಟಿ, ಮುಷ್ಟಿ, ಹೀಗೆ ಹಿಡಿ ಅನ್ನುತ್ತಾಳೋ, ನೀನೇ ಹಿಡಿದೆಯಲ್ಲ ಅನ್ನುತ್ತಾಳೋ. ಅಪ್ಪ ನೋಡಿ, ನೀರ ಬೇಕಂತ ಕೊಡ ಆಕೀಗೆ ಅಂದ. ನೀರು ಕೊಟ್ಟೆ. ಕುಡಿಯಲಿಲ್ಲ.

ಸಾವಕ್ಕತ್ತೆ ಶುರು ಮಾಡಿದಳು, ಕಾಕಾಸಾಹೇಬರು ಯಾವಾಗ ಮುಗಿಸಿದರು, ಹಿಮ್ಮಡಿ ಒಳಗೆ ಸರಿದಿದೆ, ಅತ್ತೆ ಮೊಣಕಾಲ ಮೇಲೆ ನಿಂತು, ಕರ್ತನೇ, ನಮ್ಮ ವೈನಿ ಬಾಯಿ ನೀ ಬಲ್ಲಿ, ಆಕಿ ಬೈದ್ರ ಊರ ಅಗಸೀ ಬಾಗಲಾ ತನಕ ಕೇಳ್ತಿತ್ತು, ನನಗೇನ ಕಡಿಮಿ ಬೈದಾಳೇನ, ಹ್ವಾದ ವರ್ಷ ಉಪ್ಪಿನಕಾಯಿ ಭರಣಿ ಒಡದದ್ದಕ್ಕ ಇನ್ನೂ ಬೈತಿದ್ಲು, ಈಗ ಆ ಬೈಗಳಾನೂ ನಮಗ ಬೇಕಾಗೈತಿ ತಂದೆ, ಒಂದ ಸಲ ಸಾವಕ್ಕಾ ನಿನ್ನ ಬಾಯಾಗ ಮಣ್ಣ ಹಾಕ್ಲಿ ಅಂತ ಅನ್ಲಿ, ಸಾಕು — ಅತ್ತೆ ಅಳುತ್ತಿದ್ದಾಳೆ, ಪಾಸ್ಟರರ ತುಟಿ ನಗುವನ್ನು ಕಚ್ಚಿ ಹಿಡಿದಿದೆ, ಕಾಕಾಸಾಹೇಬರು ಕಿವಿ ಬಿಟ್ಟು ಮೂಗು ಒರೆಸಿಕೊಂಡರು — ಆಕಿ ಮಗಳನ್ನರ ನೋಡ ಸ್ವಾಮಿ, ಬಾಯಿಲ್ಲದ ಪೋರಿ, ದಿನಾ ಎರಡೆರಡ ಹಿಡಿ ಹಾಕಾಕತ್ತಾಳ, ಆ ಹಿಡಿಕಾಳಿನ ಮಾರಿ ನೋಡಿಯಾದ್ರೂ. ಬೇಡ ಅತ್ತೆ, ಅದನ್ನು ಹೇಳಬೇಡ, ಅದನ್ನು ಅವನಿಗೆ ತೋರಿಸಬೇಡ, ಕಿವಿಯೊಳಗೆ ಸಕ್ಕರೆ ಕಾರ್ಖಾನೆಯ ಭೋಂಗಾ ಊದಿದ ಹಾಗೆ ಆಗುತ್ತಿದೆ, ಅಲ್ಲ, ನಿಜವಾಗಿಯೂ ಭೋಂಗಾ, ನಾಲ್ಕು ಗಂಟೆಯ ಪಾಳಿ, ಕಾಕಂಬಿಯ ಹುಳಿ ವಾಸನೆ ಗಾಳಿಯಲ್ಲಿ ಬಂತು. ಹೊಸ್ತಿಲಲ್ಲಿ ನೆರಳು. ಕಸ್ತೂರೆವ್ವ, ಕೈಯಲ್ಲಿ ಹಾಲಿನ ಚರಿಗೆ, ಪೂಜಿ ನಡದೈತೇನ, ನಡೀಲಿ ನಡೀಲಿ, ನಾ ಇಲ್ಲೇ ಕುಂದರ್ತೀನಿ, ನನ್ನ ಎಮ್ಮೀದ ಹಾಲಿದು, ಕೆಂಪೀ ಹೆಸರ ಇಟ್ಟೇನಲ್ಲ, ಆ ಕರುವಿನ ತಾಯೀದು. ಅತ್ತೆ ಆಮೆನ್ ಅಂದಳು. ಅಪ್ಪ ಗಂಟಲು ಸರಿಮಾಡಿಕೊಂಡ, ಮತ್ತೆ ಸರಿಮಾಡಿಕೊಂಡ, ಸ್ವಾಮಿ, ಅಂದ, ಮನಿ ಭಾಳ ಸುಮ್ಮಗಾಗೇತಿ, ಅಂದ, ಆಮೆನ್. ಅಷ್ಟೇ. ಅಪ್ಪಾ, ಇನ್ನೊಂದು ಮಾತು, ಇನ್ನೊಂದೇ ಮಾತು ಆಡಬೇಕಾಗಿತ್ತು ನೀನು, ಇಷ್ಟು ಬೇಗ ನನ್ನ ಹತ್ತಿರ ಬಿಟ್ಟೆಯಲ್ಲ.

ಈಗ ಯಾರೂ ಮಾತಾಡುತ್ತಿಲ್ಲ. ಇದು ನನ್ನ ಪಾಲಿನ ಸುಮ್ಮನಿರುವಿಕೆ, ಎಲ್ಲರೂ ಇದರೊಳಗೆ ತಲೆ ಬಗ್ಗಿಸಿ ಕುಳಿತಿದ್ದಾರೆ. ನಿಧಾನ ರೋದಾ, ಅವಸರಿಲ್ಲವಾ, ಎಂದು ಪಾಸ್ಟರರು ಕಣ್ಣು ಮುಚ್ಚಿಯೇ ಅಂದರು. ಸುಗ್ಗಿಯ ಭಾನುವಾರದ ಹಾಗೆ ಇವರೇ ಆಮೆನ್ ಅಂದುಬಿಟ್ಟರೆ ಮುಗಿಯಿತು, ಅನ್ನಲಿ, ಬೇಗ ಅನ್ನಲಿ, ಇಲ್ಲ, ಅನ್ನಬಾರದು, ಅಂದರೆ ನಾಳೆ ಬೆಳಿಗ್ಗೆ ಮತ್ತೆ ಎರಡು ಹಿಡಿ, ಮತ್ತೆ ಆ ಕಣ್ಣು, ನಲವತ್ತೆರಡು, ನಲವತ್ತಮೂರು, ಜೀವಮಾನ ಪೂರ್ತಿ. ಅವ್ವನನ್ನು ನೋಡಿದೆ. ನೋಡಬಾರದು ಎಂದುಕೊಂಡು ನೋಡಿಬಿಟ್ಟೆ. ಅವಳ ಕಣ್ಣಿನಲ್ಲಿ ನಾನು ಅಂದುಕೊಂಡದ್ದು ಇರಲಿಲ್ಲ, ಬೈಗುಳವೂ ಇಲ್ಲ, ಏನೋ ಕಾಯುವುದಿತ್ತು, ರೊಟ್ಟಿ ತಿರುವಿ ಹಾಕುವ ಮುಂಚೆ ಕಾಯುತ್ತಾಳಲ್ಲ ಹಾಗೆ. ದೇವರೇ, ಅಂದೆ. ದನಿ ಬಂತು. ಸಣ್ಣದು, ತೂತುಬಿದ್ದ ಪೀಪಿಯ ದನಿಯಂಥದು, ಆದರೂ ಹೊರಗೆ ಬಂತು. ದೇವರೇ, ಅವ್ವನ ಬಾಯಿ ಕಟ್ಟು ಅಂತ ಬೇಡಿದಾಕಿ ನಾನು. ಸುಗ್ಗಿ ಐತವಾರ, ಸಂಜಿಮುಂದ, ಹಿಡಿಕಾಳು ಹಾಕೂ ಮುಂದ. ಒಂದಽ ದಿನ ಅಂದಿದ್ದೆ. ಮುಷ್ಟಿ ಬಿಚ್ಚೂಕಿಂತ ಮೊದಲ ಅಂದ್ನೋ, ಬಿಚ್ಚಿದ ಮ್ಯಾಲ ಅಂದ್ನೋ ನನಗ ಗೊತ್ತಿಲ್ಲ. ನೀ ಕೇಳಿದ್ದರ ತಿರುಗಿ ತಗೋ. ನೀ ಕೇಳಿರದಿದ್ದರ ಈಗ ಕೇಳು. ಅವ್ವ ಬೈಲಿ. ಅವ್ವ ನನಗ ಬೈಲಿ. ಏನಂದಿ ಬೇ, ಎಂದು ಸಾವಕ್ಕತ್ತೆ ಕಣ್ಣು ತೆರೆದಳು, ಅಪ್ಪನೂ ತೆರೆದ, ಕಾಕಾಸಾಹೇಬರ ಕೈ ಕಿವಿಯ ಹತ್ತಿರ ನಿಂತುಹೋಯಿತು, ಕಸ್ತೂರೆವ್ವ ಚರಿಗೆ ನೆಲಕ್ಕಿಟ್ಟ ಸಪ್ಪಳ, ಪಾಸ್ಟರರು ಆಮೆನ್ ಅನ್ನಲಿಲ್ಲ, ಈಗ ಎಲ್ಲರ ಕಣ್ಣೂ ತೆರೆದಿದೆ, ಎಲ್ಲರೂ ನನ್ನನ್ನು ನೋಡುತ್ತಿದ್ದಾರೆ, ನಾನು ಅವ್ವನನ್ನು. ಹೊರಸಿನ ಪಕ್ಕದಲ್ಲಿ ಆಶೀರ್ವಾದಕ್ಕೆಂದು ಗಡಿಗೆ ತಂದಿಟ್ಟಿದ್ದಾರಲ್ಲ, ಅವ್ವನ ಎಡಗೈ ಹೊರಸಿನ ಅಂಚು ತಡವರಿಸಿ ಅದರೊಳಗೆ ಇಳಿಯಿತು, ಕಾಳು ಸರಿದ ಸಪ್ಪಳ, ಕೈ ಮೇಲೆ ಬಂತು, ಮುಷ್ಟಿ ಕಟ್ಟಿದ ಕೈ, ಹೆಬ್ಬೆರಳು ಒಳಗೆ ಸೇರಿದೆ, ಎಡಗೈಗೆ ರೂಢಿಯಿಲ್ಲ, ಗಡಿಗೆಯ ಬಾಯಿಯ ಮೇಲೆ ಬಂದು ನಿಂತಿತು. ಅವ್ವ ನನ್ನನ್ನು ನೋಡಿದಳು. ಆಮೇಲೆ ಕಣ್ಣು ಮುಚ್ಚಿದಳು. ತುಟಿ ಅಲುಗುತ್ತಿಲ್ಲ. ಮುಷ್ಟಿ ನಿಂತಿದೆ. ಒಂದು ಕಾಳು ಬೆರಳ ಸಂದಿಯಿಂದ ಜಾರಿ ಬಿತ್ತು, ಉಳಿದದ್ದನ್ನು ಇನ್ನೂ ಗಟ್ಟಿಯಾಗಿ ಹಿಡಿದಳು, ಗೆಣ್ಣು ಬೆಳ್ಳಗಾಗಿದೆ. ಎಷ್ಟು ಹೊತ್ತಾಯಿತು. ಯಾರ ಹೆಸರು ಹೇಳುತ್ತಿದ್ದಾಳೆ. ಹಾಲು ಆರುತ್ತಿದೆ. ಮುಷ್ಟಿ ನಿಂತಿದೆ. ಅವ್ವಾ. ಮುಷ್ಟಿ ಬಿಚ್ಚುತ್ತಿಲ್ಲ, ಅವ್ವನ ಮುಷ್ಟಿ, ಇನ್ನೂ, ಬಿಚ್ಚುತ್ತಿಲ್ಲ —